ಬೆಸ ಸುತ್ತಿನ ಹೂವು

1961ರ ಬೇಸಿಗೆಯಲ್ಲಿ ಜ್ಯಾಕ್ ಎಡ್ಮಂಡ್ಸ್ ಎಂಬ ಇಪ್ಪತ್ತೇಳರ ಗಣಿತಜ್ಞರು ವಾಷಿಂಗ್ಟನ್ನಿನ ಕಚೇರಿ ಬಿಟ್ಟು ಅಮೆರಿಕದ ಇನ್ನೊಂದು ತುದಿಯ ಸಾಂಟಾ ಮೋನಿಕಾಕ್ಕೆ ಹೋಗಿದ್ದರು. ಅಲ್ಲಿನ ರ‍್ಯಾಂಡ್ ಸಂಸ್ಥೆಯಲ್ಲಿ ಬೇಸಿಗೆಯ ಕಮ್ಮಟ ನಡೆದಿತ್ತು. ಘಟಾನುಘಟಿಗಳು ಸೇರಿದ್ದರು, ಅವರೆದುರು ಈ ಯುವಕರೂ ಮಾತನಾಡಬೇಕಿತ್ತು. ಅವರು ಕೈಗೆತ್ತಿಕೊಂಡಿದ್ದ ಸಮಸ್ಯೆ ಕೇಳಲು ಮಕ್ಕಳಾಟದಂತಿತ್ತು: ಜೋಡಿ ಕಟ್ಟುವುದು. ಒಂದಷ್ಟು ಚುಕ್ಕಿಗಳು, ಕೆಲವು ಚುಕ್ಕಿಗಳ ನಡುವೆ ಗೆರೆ. ಗೆರೆಯಿದ್ದವರು ಮಾತ್ರ ಜೋಡಿಯಾಗಬಹುದು, ಒಬ್ಬರಿಗೆ ಒಬ್ಬರೇ ಜೊತೆ. ಆದಷ್ಟು ಹೆಚ್ಚು ಜೋಡಿ ಕೂಡಿಸಬೇಕು.

ವಧುಗಳದ್ದೊಂದು ಪಾಳಿ, ವರರದ್ದೊಂದು ಪಾಳಿ ಎಂದು ಎರಡು ಗುಂಪಾಗಿದ್ದರೆ ಈ ಲೆಕ್ಕ ಆಗಲೇ ಬಗೆಹರಿದಿತ್ತು. ಹಾಸ್ಟೆಲ್ಲಿನ ಕೋಣೆಗೆ ಇಬ್ಬಿಬ್ಬರಂತೆ ಹುಡುಗರನ್ನು ಹಾಕುವ ವಾರ್ಡನ್ನಿನ ಲೆಕ್ಕ ಹಾಗಲ್ಲ. ಅಲ್ಲಿ ಯಾರು ಯಾರ ಜೊತೆಗಾದರೂ ಇರಬಹುದು. ಇಪ್ಪತ್ತು ಹುಡುಗರನ್ನು ಹತ್ತು ಕೋಣೆಗೆ ಜೋಡಿಸುವ ಬಗೆಗಳು 65 ಕೋಟಿಗೂ ಹೆಚ್ಚು. ಒಂದೊಂದನ್ನೂ ಬರೆದು ನೋಡುತ್ತ ಕೂತರೆ ಹುಡುಗರು ಪಾಸಾಗಿ ಮನೆ ಸೇರಿರುತ್ತಾರೆ. ಜಾಣ ದಾರಿಯಿತ್ತು: ಜೊತೆ ಸಿಗದ ಒಬ್ಬನಿಂದ ಹೊರಟು, ಗೆರೆಯಿಂದ ಗೆರೆಗೆ ಸಾಗಿ, ಜೊತೆ ಸಿಗದ ಇನ್ನೊಬ್ಬನನ್ನು ಮುಟ್ಟುವುದು, ಮುಟ್ಟಿದ ಮೇಲೆ ದಾರಿಯುದ್ದದ ಜೋಡಿಗಳನ್ನು ಅದಲುಬದಲು ಮಾಡುವುದು. ಆದರೆ ದಾರಿಯಲ್ಲಿ ಮೂರೋ ಐದೋ ಚುಕ್ಕಿಗಳ ಬೆಸಸಂಖ್ಯೆಯ ಸುತ್ತೊಂದು ಎದುರಾದರೆ ಕೆಲಸ ಕೆಡುತ್ತಿತ್ತು. ಹುಡುಕಾಟ ಸುತ್ತು ಹಾಕಿ ಬಂದು ತನ್ನ ಬಾಲವನ್ನೇ ಕಚ್ಚುತ್ತಿತ್ತು. ಎಡ್ಮಂಡ್ಸ್ ಆ ಬೆಸ ಸುತ್ತಿನ ಮುಂದೆ ಮತ್ತೆ ಮತ್ತೆ ಎಡವಿದರು. ಕೊನೆಗೆ ಆ ಬೇಸಿಗೆಯಲ್ಲೇ ಒಂದು ಉಪಾಯ ಹೊಳೆಯಿತು. ಎಷ್ಟು ಸರಳವೆಂದರೆ ಒಂದೇ ಕ್ರಿಯಾಪದದಲ್ಲಿ ಹೇಳಿ ಮುಗಿಸಬಹುದಾದಷ್ಟು.

1965ರಲ್ಲಿ ಆ ಉಪಾಯ ಕೆನಡಾದ ಗಣಿತ ಪತ್ರಿಕೆಯೊಂದರಲ್ಲಿ ‘ದಾರಿಗಳು, ಮರಗಳು ಮತ್ತು ಹೂಗಳು’ ಎಂಬ ಅರ್ಥದ, ಗಣಿತಕ್ಕಿಂತ ಕಾವ್ಯಕ್ಕೆ ಹತ್ತಿರವಾದ ಹೆಸರಿನಲ್ಲಿ ಅಚ್ಚಾಯಿತು. ಅವರು ಹೂವೆಂದು ಕರೆದದ್ದು ಆ ತುಂಟ ಬೆಸ ಸುತ್ತನ್ನೇ. ಗಣಿತದವರು ಮೆಚ್ಚಿದರು, ಪಠ್ಯಪುಸ್ತಕಗಳು ಸೇರಿಸಿಕೊಂಡವು. ಹೂವು ಪುಸ್ತಕದ ನಡುವೆ ಒಣಗುತ್ತ ಕೂತಿತು.

ಸಾಂಟಾ ಮೋನಿಕಾದ ಬೇಸಿಗೆಯಿಂದ ಮೂವತ್ತಮೂರು ವರ್ಷ ಕಳೆಯಿತು. 1994ರಲ್ಲಿ ಬೆಲ್ ಲ್ಯಾಬ್ಸ್‌ನ ಪೀಟರ್ ಶೋರ್ ಸಹೋದ್ಯೋಗಿಗಳ ಮುಂದೆ ಒಂದು ಭಾಷಣ ಮಾಡಿದರು. ಕ್ವಾಂಟಂ ಕಂಪ್ಯೂಟರ್ ಎಂಬ ಯಂತ್ರ ಇದ್ದಿದ್ದರೆ ಡಿಸ್ಕ್ರೀಟ್ ಲಾಗರಿದಮ್ ಎಂಬ ಕಠಿಣ ಲೆಕ್ಕವನ್ನು ಅದು ಸುಲಭವಾಗಿ ಬಿಡಿಸುತ್ತಿತ್ತು ಎಂಬುದು ಭಾಷಣದ ಸಾರ. ಇಲಿ ಹೋದರೆ ಹುಲಿ ಹೋಯಿತು ಎನ್ನುವಂತೆ ಸುದ್ದಿ ಕಿವಿಯಿಂದ ಕಿವಿಗೆ ಬೆಳೆಯಿತು. ವಾರಾಂತ್ಯಕ್ಕೆ ಬರ್ಕ್ಲಿಯಿಂದ ಉಮೇಶ್ ವಜೀರಾನಿ ಫೋನ್ ಮಾಡಿ, ದೊಡ್ಡ ಸಂಖ್ಯೆಗಳ ಅಪವರ್ತನ ಕಂಡುಹಿಡಿಯುವ ದಾರಿ ಸಿಕ್ಕಿದೆಯಂತಲ್ಲ ಎಂದು ವಿಚಾರಿಸಿದರು. ಶೋರ್ ಭಾಷಣದಲ್ಲಿ ಅಪವರ್ತನದ ಮಾತೇ ಎತ್ತಿರಲಿಲ್ಲ. ಆದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಭಾಷಣ ಮುಗಿದ ಆ ನಾಲ್ಕೈದು ದಿನಗಳಲ್ಲಿ ಅವರು ಅದನ್ನೂ ಬಿಡಿಸಿಬಿಟ್ಟಿದ್ದರು. ಗಾಳಿಸುದ್ದಿ ಫೋನಿನಲ್ಲಿ ಬರುವ ಹೊತ್ತಿಗೆ ನಿಜವಾಗಿತ್ತು.

ಜಗತ್ತಿನ ಹಲವು ಗುಪ್ತಲಿಪಿಗಳು ಅಪವರ್ತನದ ಕಷ್ಟವನ್ನೇ ನೆಚ್ಚಿಕೊಂಡಿದ್ದ ಕಾಲ ಅದು. ಗುಲ್ಲೆದ್ದಿತು. ಅಷ್ಟೇ ಬೇಗ ತಣ್ಣೀರೂ ಬಿತ್ತು. ಐಬಿಎಂನ ರಾಲ್ಫ್ ಲ್ಯಾಂಡೌರ್ ಆ ತಣ್ಣೀರಿನ ಕೊಡ ಹೊತ್ತವರಲ್ಲಿ ಹಿರಿಯರು. ಕ್ವಾಂಟಂ ಕಂಪ್ಯೂಟರಿನ ಬಗ್ಗೆ ಬರೆಯುವವರೆಲ್ಲ, ಈ ಯೋಜನೆ ಗದ್ದಲ ಮತ್ತು ತಯಾರಿಕೆಯ ದೋಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಬಹುಶಃ ಕೆಲಸ ಮಾಡುವುದಿಲ್ಲ ಎಂದು ಅಡಿಟಿಪ್ಪಣಿ ಹಾಕಬೇಕೆಂಬುದು ಅವರ ಒತ್ತಾಯವಾಗಿತ್ತು. ಮಾತು ಕಟುವಾಗಿತ್ತು, ತಪ್ಪೇನೂ ಆಗಿರಲಿಲ್ಲ. ಆ ಯಂತ್ರದಲ್ಲಿ ಮಾಹಿತಿ ಹೊರುವ ಕ್ಯೂಬಿಟ್ ಎಂಬುದು ಗಾಳಿಗಿಟ್ಟ ದೀಪ. ಒಂದಿಷ್ಟು ಶಾಖ, ದಾರಿ ತಪ್ಪಿದ ಒಂದು ತರಂಗ ಸಾಕು, ಅದರೊಳಗಿನ ಮಾಹಿತಿ ಕೆಡುತ್ತದೆ. ಸಾಮಾನ್ಯ ಕಂಪ್ಯೂಟರಿನಲ್ಲಾದರೆ ಒಂದೇ ಮಾಹಿತಿಯ ಮೂರು ಪ್ರತಿ ಇಟ್ಟು, ಭಿನ್ನಮತ ಬಂದಾಗ ಬಹುಮತಕ್ಕೆ ಬಿಡಬಹುದು. ಇಲ್ಲಿ ಅದೂ ಆಗದು. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯ ನಕಲು ತೆಗೆಯುವಂತಿಲ್ಲ ಎಂದು 1982ರಲ್ಲೇ ಸಾಬೀತಾಗಿತ್ತು. ಕೆಟ್ಟಿದೆಯೋ ಇಲ್ಲವೋ ಎಂದು ಇಣುಕಿದರೆ ಇಣುಕಿದ್ದಕ್ಕೇ ಕೆಡುತ್ತದೆ. ರೋಗಿಯ ನಾಡಿ ಹಿಡಿದರೆ ರೋಗಿಯೇ ಸಾಯುವಂಥ ವೈದ್ಯ ಇದು.

ಶೋರ್ ಮತ್ತೆ ಕೂತರು. 1995ರಲ್ಲಿ ಅವರು ಬರೆದ ಪ್ರಬಂಧ ಪುಟಗಳ ಲೆಕ್ಕದಲ್ಲಿ ಚಿಕ್ಕದು. ಒಂದು ಕ್ಯೂಬಿಟ್ಟಿನ ಮಾಹಿತಿಯನ್ನು ಒಂಬತ್ತು ಕ್ಯೂಬಿಟ್ಟುಗಳಲ್ಲಿ ಹರಡಿ ಇಡುವುದು, ಯಾವುದರ ಬೆಲೆಯನ್ನೂ ಕೇಳದೆ, ನೆರೆಹೊರೆಯ ಎರಡು ಒಂದೇ ಥರ ಇವೆಯೋ ಬೇರೆ ಬೇರೆಯೋ ಎಂದಷ್ಟೇ ಕೇಳುವುದು. ಎರಡು ಗಂಟುಗಳನ್ನು ಬಿಚ್ಚದೆ ತಕ್ಕಡಿಯ ಎರಡು ತಟ್ಟೆಗೆ ಹಾಕಿದಂತೆ. ಮುಳ್ಳು ವಾಲಿದರೆ ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಗಂಟಿನಲ್ಲಿ ಏನಿದೆ ಎಂಬುದು ಗುಟ್ಟಾಗಿಯೇ ಉಳಿಯುತ್ತದೆ. ಆಕ್ಸ್‌ಫರ್ಡಿನಲ್ಲಿ ಆ್ಯಂಡ್ರೂ ಸ್ಟೀನ್ ತಮ್ಮದೇ ದಾರಿಯಲ್ಲಿ ಹೋಗಿ ಏಳೇ ಕ್ಯೂಬಿಟ್ಟುಗಳಲ್ಲಿ ಇದನ್ನು ಸಾಧಿಸಿದರು.

ಆದರೂ ಅನುಮಾನ ಹೋಗಲಿಲ್ಲ. ಮುಂದೆ ನೊಬೆಲ್ ಪಡೆಯಲಿದ್ದ ಸೆರ್ಜ್ ಹರೋಶ್ ತಮ್ಮ ಸಹೋದ್ಯೋಗಿ ರೇಮೋನ್ ಜೊತೆ 1996ರಲ್ಲಿ ಲೇಖನ ಬರೆದು, ಇದು ಕನಸೋ ದುಃಸ್ವಪ್ನವೋ ಎಂದು ಶೀರ್ಷಿಕೆಯಲ್ಲೇ ಕೇಳಿದರು. ತಕ್ಕಡಿ ಹಿಡಿದ ಕೈಯೂ ನಡುಗುತ್ತದಲ್ಲ? ತಪ್ಪು ತಿದ್ದುವ ಕ್ರಿಯೆಯೇ ಹೊಸ ತಪ್ಪು ತಂದರೆ? ಅದಕ್ಕೂ ಉತ್ತರ ಬಂತು. ಪ್ರತಿ ಹೆಜ್ಜೆಯ ತಪ್ಪು ಒಂದು ಹೊಸ್ತಿಲಿಗಿಂತ ಕೆಳಗಿದ್ದರೆ ಎಷ್ಟು ಉದ್ದದ ಲೆಕ್ಕವನ್ನಾದರೂ ನಡೆಸಬಹುದು ಎಂದು ಒಂದೆರಡು ವರ್ಷದೊಳಗೆ ಹಲವರು ತೋರಿಸಿದರು. ಆ ಹೊಸ್ತಿಲೋ ಹತ್ತು ಸಾವಿರ ಹೆಜ್ಜೆಗೊಂದು, ಲಕ್ಷ ಹೆಜ್ಜೆಗೊಂದು ತಪ್ಪು ಎನ್ನುವಷ್ಟು ಕಠಿಣ. ಪ್ರಯೋಗಾಲಯಗಳು ನೂರು ಹೆಜ್ಜೆ ನೆಟ್ಟಗೆ ಇಡಲು ಏದುತ್ತಿದ್ದ ಕಾಲದಲ್ಲಿ ಅದು ದೇವರು ವರ ಕೊಟ್ಟರೂ ಪೂಜಾರಿ ಕೊಡದಂಥ ಸ್ಥಿತಿ.

ದಾರಿ ಬಿಡಿಸಿದವರು ರಷ್ಯಾದ ಅಲೆಕ್ಸೈ ಕಿಟಾಯೆವ್. 1997ರಲ್ಲಿ ಅವರು ಕ್ಯೂಬಿಟ್ಟುಗಳನ್ನು ಉದ್ದಿನವಡೆಯಂಥ ಮೇಲ್ಮೈ ಮೇಲೆ ಬಲೆಯಂತೆ ಹರಡಿದರು, ವಡೆಯ ತೂತಿಗೂ ಅವರ ಗಣಿತದಲ್ಲಿ ಕೆಲಸವಿತ್ತು. ನಾಲ್ಕು ನಾಲ್ಕು ನೆರೆಯ ಕ್ಯೂಬಿಟ್ಟುಗಳಿಗೆ ಒಬ್ಬ ಕಾವಲುಗಾರ. ಪ್ರತಿ ಸುತ್ತಿನಲ್ಲೂ ಆತ ಸಮವೋ ಬೆಸವೋ ಎಂದು ನೋಡಿ ಹೇಳುತ್ತಾನೆ, ಬದಲಾದರೆ ಗಂಟೆ ಬಾರಿಸುತ್ತಾನೆ. ಮುಂದೆ ವಡೆಯನ್ನು ಚಪ್ಪಟೆ ರೊಟ್ಟಿ ಮಾಡಿದರು. ಅದೇ ಸರ್ಫೇಸ್ ಕೋಡ್. ಇದರಲ್ಲೊಂದು ವಿಚಿತ್ರವಿತ್ತು. ಸಾಲಾಗಿ ಐದು ಕ್ಯೂಬಿಟ್ ಕೆಟ್ಟರೆ ಐದು ಕಡೆ ಗಂಟೆ ಬಾರಿಸುತ್ತಿರಲಿಲ್ಲ. ಸಾಲಿನ ಎರಡು ತುದಿಗಳಲ್ಲಿ ಮಾತ್ರ ಬಾರಿಸುತ್ತಿತ್ತು. ನಡುವಿನವರು ಎರಡೆರಡು ತಪ್ಪು ಕಂಡು, ಎರಡು ಬೆಸ ಸೇರಿ ಸಮವಾಯಿತೆಂದು ಸುಮ್ಮನಿರುತ್ತಿದ್ದರು. ಕಳ್ಳರು ಹೊಕ್ಕ ಬಾಗಿಲು, ಹೊರಟ ಬಾಗಿಲು ಮಾತ್ರ ಗೊತ್ತು. ಯಾವ ಬಾಗಿಲಿಗೆ ಯಾವ ಬಾಗಿಲು ಜೊತೆ ಎಂಬುದು ಗೊತ್ತಿಲ್ಲ.

ಕ್ಯಾಲ್‌ಟೆಕ್‌ನಲ್ಲಿ ಎರಿಕ್ ಡೆನಿಸ್, ಕಿಟಾಯೆವ್, ಆ್ಯಂಡ್ರೂ ಲ್ಯಾಂಡಾಲ್ ಮತ್ತು ಜಾನ್ ಪ್ರೆಸ್ಕಿಲ್ ಈ ಗಂಟೆಗಳ ನಕ್ಷೆಯನ್ನು ಮುಂದಿಟ್ಟುಕೊಂಡು ಕೂತರು. ಕಾವಲುಗಾರರೇ ಆಗಾಗ ಸುಳ್ಳು ಗಂಟೆ ಬಾರಿಸುವುದರಿಂದ ಒಂದು ಸುತ್ತಿನ ನಕ್ಷೆ ಸಾಲದು. ಸುತ್ತಿನ ಮೇಲೆ ಸುತ್ತನ್ನು ದೋಸೆಗಳಂತೆ ಪೇರಿಸಿ, ಕಾಲವನ್ನೂ ಒಂದು ದಿಕ್ಕಾಗಿಸಿಕೊಂಡು ಆ ಪೇರಿಕೆಯೊಳಗೆ ತುದಿಗಳನ್ನು ಜೋಡಿಸಬೇಕಿತ್ತು. ಸಣ್ಣ ತಪ್ಪುಸಾಲು ಹೆಚ್ಚು ಸಂಭವ, ಉದ್ದದ್ದು ಅಪರೂಪ. ಹಾಗಾಗಿ ಒಟ್ಟು ಉದ್ದ ಕಡಿಮೆಯಾಗುವಂತೆ ಜೋಡಿ ಕಟ್ಟಿದರೆ ಬಹುಪಾಲು ಸರಿಯಾಗುತ್ತದೆ. ಜೋಡಿ ಕಟ್ಟುವುದು! 2002ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ, ನಲವತ್ತು ವರ್ಷದ ಹಿಂದೆ ಸಾಂಟಾ ಮೋನಿಕಾದಲ್ಲಿ ಹೊಳೆದಿದ್ದ ಉಪಾಯ ಮತ್ತೆ ತಲೆಯೆತ್ತಿತು. ಆ ಹೊತ್ತಿಗೆ ಎಡ್ಮಂಡ್ಸ್‌ರ ಹೂವು ಚುಕ್ಕಿ ಎಣಿಸುವುದಷ್ಟೇ ಅಲ್ಲ, ಗೆರೆಗಳ ಉದ್ದವನ್ನೂ ತೂಗಬಲ್ಲದಾಗಿತ್ತು. 2007ರ ಹೊತ್ತಿಗೆ ಹೊಸ್ತಿಲು ನೂರು ಹೆಜ್ಜೆಗೆ ಮುಕ್ಕಾಲು ತಪ್ಪಿನವರೆಗೂ ಏರಿತು. ಅಸಾಧ್ಯ ಎನ್ನುವಂತಿದ್ದದ್ದು ಕಷ್ಟ ಎನ್ನುವ ಮಟ್ಟಕ್ಕೆ ಇಳಿಯಿತು.

ಇಲ್ಲಿಯವರೆಗೆ ಇದು ಭೌತಶಾಸ್ತ್ರದವರ ಕತೆ. ಇನ್ನು ಮುಂದೆ ಪ್ರೋಗ್ರಾಂ ಬರೆಯುವವರದ್ದು. ಅವರ ವೈರಿ ಗಡಿಯಾರ.

ಸೂಪರ್‌ಕಂಡಕ್ಟಿಂಗ್ ಚಿಪ್ಪಿನಲ್ಲಿ ಕಾವಲುಗಾರರ ಒಂದು ಸುತ್ತಿಗೆ ಹಿಡಿಯುವುದು ಸುಮಾರು ಒಂದು ಮೈಕ್ರೋಸೆಕೆಂಡ್, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸ್ವಲ್ಪ ತಡಿ, ಲೆಕ್ಕ ಮುಗಿಯಲಿ ಎಂದರೆ ಚಿಪ್ ತಡೆಯುವುದಿಲ್ಲ, ನಿಂತರೆ ಮಾಹಿತಿ ಆರಿಹೋಗುತ್ತದೆ. ಗಂಟೆಗಳ ಅರ್ಥ ಬಿಡಿಸುವ ಪ್ರೋಗ್ರಾಂಗೆ ಡಿಕೋಡರ್ ಎಂದು ಹೆಸರು. ಅದು ಚಿಪ್ಪಿಗಿಂತ ಒಂದಿಷ್ಟೇ ನಿಧಾನವಾದರೂ ಆಗುವ ಅನಾಹುತವನ್ನು 2015ರಲ್ಲಿ ಬಾರ್ಬರಾ ಟೆರ್ಹಾಲ್ ಬಿಡಿಸಿ ಹೇಳಿದರು. ಲೆಕ್ಕದ ಕೆಲವು ಘಟ್ಟಗಳಲ್ಲಿ ಹಿಂದಿನ ಗಂಟೆಗಳನ್ನೆಲ್ಲ ಓದಿ ಮುಗಿಸದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಓದಲು ಕಾಯುವಾಗ ಹೊಸ ಗಂಟೆಗಳು ಕೂಡುತ್ತವೆ. ಅವನ್ನು ಓದಲು ಇನ್ನೂ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಇನ್ನೂ ಹೆಚ್ಚು. ಬಡ್ಡಿಗೆ ಬಡ್ಡಿ ಸೇರಿ ಬೆಳೆಯುವ ಸಾಲ ಅದು. ಕೊನೆಗೆ ಕ್ವಾಂಟಂ ಯಂತ್ರ ತನ್ನ ವೇಗದ ಲಾಭವನ್ನೆಲ್ಲ ಆ ಸಾಲಕ್ಕೆ ಜಮಾ ಮಾಡಿ ಬರಿಗೈಯಾಗುತ್ತದೆ.

ಡಿಕೋಡರ್ ಪಳಗಿಸಲು ಮೊದಲು ಬೇಕಾದದ್ದು ಕೋಟಿಗಟ್ಟಲೆ ಕೃತಕ ಗಂಟೆಗಳು. ನಿಜವಾದ ಚಿಪ್‌ಗಳು ಚಿಕ್ಕವು, ದೊಡ್ಡ ಚಿಪ್ ಇನ್ನೂ ಹುಟ್ಟಿಲ್ಲ. ಹಾಗಾಗಿ ದೊಡ್ಡದನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ನಟಿಸಿ ತೋರಿಸಬೇಕು. ಈ ಕೆಲಸಕ್ಕೆ ಕೈಹಾಕಿದವರು ಗೂಗಲ್‌ನ ಕ್ರೇಗ್ ಗಿಡ್ನಿ. ಬ್ರೌಸರಿನಲ್ಲೇ ಕ್ವಾಂಟಂ ಸರ್ಕ್ಯೂಟ್ ಎಳೆದು ಜೋಡಿಸಿ ಆಡಬಹುದಾದ ‘ಕ್ವರ್ಕ್’ ಎಂಬ ಆಟಿಕೆಯಂಥ ಸಾಧನವನ್ನು ಮೊದಲೇ ಮಾಡಿದ್ದ ಸಾಫ್ಟ್‌ವೇರ್ ಎಂಜಿನಿಯರ್. ತಪ್ಪು ತಿದ್ದುವ ಸರ್ಕ್ಯೂಟುಗಳನ್ನು ಸಾಮಾನ್ಯ ಕಂಪ್ಯೂಟರ್ ನಟಿಸಬಲ್ಲದು ಎಂದು ಡೇನಿಯಲ್ ಗಾಟ್ಸ್‌ಮನ್ ತೊಂಬತ್ತರ ದಶಕದಲ್ಲೇ ತೋರಿಸಿದ್ದರು, 2004ರಲ್ಲಿ ಸ್ಕಾಟ್ ಆ್ಯರನ್ಸನ್ ಜೊತೆ ಅದಕ್ಕೆ ವೇಗದ ವಿಧಾನವನ್ನೂ ಕೊಟ್ಟಿದ್ದರು. ಆದರೆ ಕ್ಯೂಬಿಟ್ ಹೆಚ್ಚಿದಂತೆ ಪ್ರತಿ ಅಳತೆಯೂ ಆಮೆ ನಡಿಗೆಗೆ ಇಳಿಯುತ್ತಿತ್ತು.

ಗಿಡ್ನಿ ಎರಡು ತಿರುವು ಹಾಕಿದರು. ಮೊದಲನೆಯದು, ಲೆಕ್ಕದ ಕೋಷ್ಟಕವನ್ನು ಇದ್ದಂತೆ ಕಾಪಾಡುವ ಬದಲು ಅದರ ತಿರುಗುಮುರುಗನ್ನು ಕಾಪಾಡಿದರು. ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿದರೆ ಹೊಲಿಗೆ ಕಣ್ಣಿಗೆ ಬೀಳುವಂತೆ, ಹುಡುಕಿ ತೆಗೆಯಬೇಕಿದ್ದ ಉತ್ತರ ಒಂದೇ ಸಾಲಿನಲ್ಲಿ ಕಂಡಿತು. ಎರಡನೆಯದು ಇನ್ನೂ ಜಿಪುಣ ಜಾಣ್ಮೆ. ಪೂರ್ತಿ ನಟನೆ ಒಂದೇ ಸಲ, ಆಮೇಲಿನ ಪ್ರತಿ ಸಲಕ್ಕೂ ಮೊದಲಿನದಕ್ಕಿಂತ ಎಲ್ಲಿ ಭಿನ್ನ ಎಂಬುದರ ಲೆಕ್ಕ ಮಾತ್ರ. ಒಂದೊಂದು ಭಿನ್ನತೆಗೆ ಒಂದೊಂದು ಬಿಟ್. ಪ್ರೊಸೆಸರ್ ಒಂದೇ ಆದೇಶದಲ್ಲಿ 256 ಬಿಟ್ಟುಗಳನ್ನು ಒಟ್ಟಿಗೆ ತಿರುವುತ್ತಿತ್ತು. 2021ರಲ್ಲಿ ‘ಸ್ಟಿಮ್’ ಎಂಬ ಹೆಸರಿನಲ್ಲಿ ಅದು ಹೊರಬಂತು. 20 ಸಾವಿರ ಕ್ಯೂಬಿಟ್, 80 ಲಕ್ಷ ಗೇಟುಗಳ ಸರ್ಫೇಸ್ ಕೋಡ್ ಸರ್ಕ್ಯೂಟನ್ನು ಅದು 15 ಸೆಕೆಂಡಿನಲ್ಲಿ ಅರಗಿಸಿಕೊಂಡು, ಆಮೇಲೆ ಸೆಕೆಂಡಿಗೆ ಸಾವಿರ ಮಾದರಿಗಳನ್ನು ಉದುರಿಸಿತು.

ಗಂಟೆಗಳ ರಾಶಿ ಬಂತು. ಬಿಡಿಸುವವರು ಹಿಂದೆ ಬಿದ್ದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಸ್ಕರ್ ಹಿಗಾಟ್ ‘ಪೈಮ್ಯಾಚಿಂಗ್’ ಎಂಬ ಡಿಕೋಡರ್ ಬರೆದಿದ್ದರು. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದಿತ್ತು. ಅದರ ವಿಧಾನ ಎಲ್ಲರೂ ಹಿಡಿದದ್ದೇ. ಪ್ರತಿ ಗಂಟೆಯಿಂದ ಹೊರಟು ಬೇರೆ ಗಂಟೆಗಳಿಗೆ ಎಷ್ಟು ದೂರ ಎಂದು ಅಳೆ, ದೂರಗಳ ಪಟ್ಟಿ ಮಾಡು, ಆ ಪಟ್ಟಿಯನ್ನು ಎಡ್ಮಂಡ್ಸ್‌ರ ಹೂವಿಗೆ ಒಪ್ಪಿಸು. ಪಟ್ಟಿ ಬೆಳೆದು ಹನುಮಂತನ ಬಾಲವಾಗುತ್ತಿತ್ತು. ಹಿಗಾಟ್ ಅದನ್ನು ಕತ್ತರಿಸಿ, ಹತ್ತಿರದ ಕೆಲವು ಗಂಟೆಗಳನ್ನಷ್ಟೇ ಪಟ್ಟಿಗೆ ಸೇರಿಸಿದರು. ವೇಗ ಹೆಚ್ಚಿತು, ಆದರೆ ಮೈಕ್ರೋಸೆಕೆಂಡಿನ ಹತ್ತಿರವೂ ಸುಳಿಯಲಿಲ್ಲ.

ಪಟ್ಟಿಯ ಬಹುಪಾಲು ದೂರಗಳು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಮನೆಯ ಒಂದು ಮೂಲೆಯ ಗಂಟೆ ಇನ್ನೊಂದು ಮೂಲೆಯದಕ್ಕೆ ಜೋಡಿಯಾಗುವ ಸಂಭವವೇ ಇಲ್ಲದಿದ್ದರೂ ಅವೆರಡರ ದೂರ ಅಳೆದಿಡುವುದು ವಾಡಿಕೆಯಾಗಿಬಿಟ್ಟಿತ್ತು. ಪಟ್ಟಿಯನ್ನೇ ಕೈಬಿಟ್ಟರೆ ಹೇಗೆ? ಇಂಥ ಯೋಚನೆ ಸರ್ಫೇಸ್ ಕೋಡಿಗಾಗಿ ವರ್ಷಗಟ್ಟಲೆ ದುಡಿದಿದ್ದ ಆಸ್ಟಿನ್ ಫೌಲರ್ ಅವರಿಗೆ ಹಿಂದೆಯೇ ಬಂದಿತ್ತು. ಹಿಗಾಟ್ ಮತ್ತು ಗಿಡ್ನಿ ಸೇರಿ ಅದನ್ನು ಮೊದಲಿನಿಂದ ಕಟ್ಟಿದರು. ಹೂವನ್ನು ಪಟ್ಟಿಯ ಕುಂಡದಿಂದ ಕಿತ್ತು ನೇರವಾಗಿ ನಕ್ಷೆಯ ಮಣ್ಣಿನಲ್ಲೇ ನೆಟ್ಟರು. ಹೊಸ ಪೈಮ್ಯಾಚಿಂಗ್ ಹಳೆಯದಕ್ಕಿಂತ ನೂರರಿಂದ ಸಾವಿರ ಪಟ್ಟು ವೇಗವಾಗಿ ಓಡಿತು. ಹದಿನೇಳು ಕ್ಯೂಬಿಟ್ ಅಗಲದ ಸರ್ಫೇಸ್ ಕೋಡಿನ ಒಂದು ಸುತ್ತಿನ ಗಂಟೆಗಳನ್ನು, ಸಾವಿರಕ್ಕೊಂದು ತಪ್ಪಿನ ಮಟ್ಟದಲ್ಲಿ, ಪ್ರೊಸೆಸರಿನ ಒಂದೇ ಕೋರ್ ಒಂದು ಮೈಕ್ರೋಸೆಕೆಂಡಿನೊಳಗೆ ಬಿಡಿಸಿತು. ಇನ್ನೊಂದು ಕಾಕತಾಳೀಯವೂ ಕಾದಿತ್ತು. ಅದೇ ಹೊತ್ತಿಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಯೂ ವೂ, ಇವರ ಕೆಲಸದ ಸುಳಿವಿಲ್ಲದೆ, ಇಂಥದೇ ಡಿಕೋಡರ್ ಬರೆದು ಮುಗಿಸುತ್ತಿದ್ದರು. ನಕ್ಷೆಯನ್ನು ತುಂಡು ಮಾಡಿ ಹಲವು ಕೋರ್‌ಗಳಿಗೆ ಹಂಚಿ, ಆಮೇಲೆ ತುಂಡುಗಳನ್ನು ಬೆಸೆಯುವುದು ಅವರ ವಿಶೇಷ. ಎರಡೂ 2023ರಲ್ಲಿ ಬೆಳಕು ಕಂಡವು.

ಚಿಪ್ ಮಾಡುವವರ ಪಾಡು ಆ ಹೊತ್ತಿಗೆ ಬೇರೆಯಿತ್ತು. ಕೆಲವು ವರ್ಷ ಮೊದಲು ಗೂಗಲ್ಲಿನವರು ತಮ್ಮ ಚಿಪ್ಪಿನ ತಪ್ಪುಗಳನ್ನು ಎಣಿಸುತ್ತಿದ್ದಾಗ, ಹತ್ತು ಸೆಕೆಂಡಿಗೊಮ್ಮೆ ಎನ್ನುವಂತೆ ಇಡೀ ಚಿಪ್ಪಿಗೆ ಚಿಪ್ಪೇ ಒಟ್ಟಿಗೆ ಕೆಡುವುದು ಕಂಡಿತು. ಕಾರಣ ಆಕಾಶದಲ್ಲಿತ್ತು. ಕಾಸ್ಮಿಕ್ ಕಿರಣದಂಥ ಅಧಿಕ ಶಕ್ತಿಯ ಕಣವೊಂದು ತಗುಲಿದರೆ ಸಾಕು, ಚಿಪ್ ಅದುರುತ್ತಿತ್ತು. ಬಿಡಿಬಿಡಿ ತಪ್ಪುಗಳನ್ನು ಜೋಡಿ ಕಟ್ಟಬಲ್ಲ ಹೂವು ಊರಿಗೆ ಊರೇ ಹೊತ್ತಿಕೊಂಡಾಗ ಮಾಡುವುದೇನು? ಚಿಪ್ಪಿನ ಲೋಹದ ಪದರಗಳ ಗುಣವನ್ನೇ ಬದಲಿಸಿ ಆ ಕಾಟವನ್ನು ಬಹುಪಾಲು ಕಳೆದರು. 2023ರಲ್ಲಿ ಇನ್ನೊಂದು ಪರೀಕ್ಷೆ. ಕೋಡ್ ದೊಡ್ಡದಾದಷ್ಟೂ ತಪ್ಪು ಕಡಿಮೆಯಾಗಬೇಕು, ಅದಕ್ಕೇ ಅಲ್ಲವೇ ಇಷ್ಟೆಲ್ಲ. 17 ಕ್ಯೂಬಿಟ್ಟಿನ ಕೋಡ್ ಸುತ್ತಿಗೆ 3.028 ಶೇಕಡ ತಪ್ಪು ಮಾಡಿತು, 49 ಕ್ಯೂಬಿಟ್ಟಿನದು 2.914 ಶೇಕಡ. ಮೂರು ಪಟ್ಟು ಕಾವಲುಪಡೆ ಇಟ್ಟು ಗೆದ್ದದ್ದು ಕೂದಲೆಳೆಯಷ್ಟು. ಆದರೂ ಗೆದ್ದಿದ್ದರು.

2024ರ ಕೊನೆಗೆ ‘ವಿಲೋ’ ಚಿಪ್ಪಿನ ಫಲಿತಾಂಶ ನೇಚರ್ ಪತ್ರಿಕೆಯಲ್ಲಿ ಬಂತು. ಅದರ 105 ಕ್ಯೂಬಿಟ್ಟುಗಳಲ್ಲಿ ಕೋಡಿನ ಅಗಲವನ್ನು ಮೂರರಿಂದ ಐದಕ್ಕೆ, ಐದರಿಂದ ಏಳಕ್ಕೆ ಏರಿಸಿದಾಗಲೆಲ್ಲ ತಪ್ಪು ಅರ್ಧಕ್ಕಿಂತ ಕೆಳಗಿಳಿಯಿತು. ಏಳರ ಅಗಲಕ್ಕೆ ಬಂದಾಗ ಸುತ್ತಿಗೆ 0.143 ಶೇಕಡ. ಈ ಅತಿ ನಿಖರ ಅಂಕಿಯ ಹಿಂದಿದ್ದದ್ದು ಹೂವಲ್ಲ, ಪ್ರಯೋಗ ಮುಗಿದ ಮೇಲೆ ನಿಧಾನವಾಗಿ ಕೂತು ಓದಿದ, ನ್ಯೂರಲ್ ನೆಟ್‌ವರ್ಕಿನ ಡಿಕೋಡರ್. ಆದರೆ ಚಿಪ್ ಓಡುತ್ತಿರುವಾಗಲೇ, ನಿಂತ ಕಾಲಲ್ಲಿ, ಗಂಟೆ ಬಾರಿಸಿದಂತೆಲ್ಲ ಬಿಡಿಸಿ ತೋರಿಸುವ ಸರದಿ ಬಂದಾಗ ಹೂವನ್ನೇ ಕರೆದರು. 72 ಕ್ಯೂಬಿಟ್ಟಿನ ಇನ್ನೊಂದು ಚಿಪ್ಪಿನಲ್ಲಿ, ಐದರ ಅಗಲದ ಕೋಡ್ 1.1 ಮೈಕ್ರೋಸೆಕೆಂಡಿಗೊಂದು ಸುತ್ತಿನಂತೆ ಹತ್ತು ಲಕ್ಷ ಸುತ್ತುಗಳವರೆಗೆ ಓಡಿತು. ಡಿಕೋಡರ್ ಸರಾಸರಿ 63 ಮೈಕ್ರೋಸೆಕೆಂಡ್ ಹಿಂದಿತ್ತು. ಓಟ ಉದ್ದವಾದರೂ ಆ ಅಂತರ ಬೆಳೆಯಲಿಲ್ಲ. ಟೆರ್ಹಾಲ್ ಎಚ್ಚರಿಸಿದ್ದ ಸಾಲ ಹುಟ್ಟಲೇ ಇಲ್ಲ.

ಎಡ್ಮಂಡ್ಸ್‌ಗೆ ಹೊಳೆದಿದ್ದ ಆ ಒಂದು ಕ್ರಿಯಾಪದ ‘ಕುಗ್ಗಿಸು’. ಗಂಟೆ ಬಾರಿಸಿದ ಪ್ರತಿ ಜಾಗದಿಂದ ನೀರಿಗೆ ಬಿದ್ದ ಎಣ್ಣೆಯ ಹನಿಯಂತೆ ಒಂದು ವೃತ್ತ ಹರಡುತ್ತದೆ. ಎರಡು ವೃತ್ತ ಮುಟ್ಟಿದರೆ ಜೋಡಿಯಾಗಿ ನಿಲ್ಲುತ್ತವೆ, ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ, ದೂರದವರ ಗೊಡವೆಯೇ ಇಲ್ಲ. ಮೂರನೆಯದೊಂದು ಬಂದು ಆ ಜೋಡಿಯನ್ನು ಎರಡೂ ಕಡೆಯಿಂದ ತಗುಲಿದರೆ ಮೂವರ ಸುತ್ತು, ಯಾರನ್ನು ಕೂಡಿಸಿದರೂ ಒಬ್ಬರು ಹೊರಗೆ. ಆಗ ಜಗಳ ಬಿಡಿಸಲು ಹೋಗದೆ ಮೂವರನ್ನೂ ಒಂದೇ ಚುಕ್ಕಿಯಾಗಿ ಕುಗ್ಗಿಸಿ, ಆ ಮೊಗ್ಗನ್ನೇ ಒಬ್ಬನೆಂದು ಎಣಿಸಿ ಮುಂದೆ ಹರಡಲು ಬಿಡುವುದು. ಅದು ನಾಲ್ಕನೆಯ ವೃತ್ತಕ್ಕೋ ಚಿಪ್ಪಿನ ಅಂಚಿಗೋ ತಗುಲಿದಾಗ ಮೊಗ್ಗು ಬಿರಿಯುತ್ತದೆ. ಯಾವ ಎಸಳು ಹೊರಗಿನವರಿಗೆ ತಗುಲಿತೋ ಅದು ಅವರ ಜೊತೆ ಹೋಗುತ್ತದೆ, ಉಳಿದೆರಡು ತಮ್ಮತಮ್ಮಲ್ಲೇ ಕೂಡುತ್ತವೆ. ಸಿಕ್ಕ ಜೋಡಿಗಳ ನಡುವಿನ ದಾರಿಯೇ ಕೆಟ್ಟ ಕ್ಯೂಬಿಟ್ಟುಗಳ ಸಾಲು. ಆ ಸಾಲು ಕಾಗದಕ್ಕೆ ಬರುವಷ್ಟರಲ್ಲಿ ಚಿಪ್ ಇನ್ನೂ ಐವತ್ತೇಳು ಸುತ್ತು ಮುಂದೆ ಹೋಗಿ ಗಂಟೆ ಬಾರಿಸುತ್ತಿರುತ್ತದೆ.